ಹಲಗೆಗಳೂ ಮೊಳೆಗಳೂ: ಹಾಯಿ ಹಡಗಿನ ಬದುಕು ಕಲಿಸಿದ ಪಾಠ

ಕೆಲವು ದಿನಗಳ ಹಿಂದೆ ಮದ್ರಸದ ತರಗತಿಯಲ್ಲಿ ಸೂರಃ ಅಲ್ ಕಮರ್‌ನ ಪಾಠ ನಡೆದಿತ್ತು. ಪ್ರವಾದಿ ನೂಹ್‌ (ಅ)ರ ಹಡಗನ್ನು ಅಲ್ಲಾಹನು ಆ ಅಧ್ಯಾಯದ ಹದಿಮೂರನೆಯ ಸೂಕ್ತದಲ್ಲಿ ಹಡಗು ಎಂಬ ಪದದಿಂದ ಹೆಸರಿಸಿಲ್ಲ. ಹಲಗೆಗಳೂ 'ದುಸುರ್'ಗಳೂ ಉಳ್ಳದ್ದು ಎಂದಷ್ಟೇ ಅದನ್ನು ವರ್ಣಿಸಲಾಗಿದೆ. ದುಸುರ್ ಎಂದರೆ ಮೊಳೆಗಳು ಎಂದು ಹೆಚ್ಚಿನ ವ್ಯಾಖ್ಯಾನಕಾರರು ಅರ್ಥ ಹೇಳಿದ್ದಾರೆ. ಮೀನುಗಾರನ ಮಗನಾದ ಒಬ್ಬ ವಿದ್ಯಾರ್ಥಿ ಎದ್ದು ನಿಂತು, "ಉಸ್ತಾದ್, ಅಷ್ಟು ದೊಡ್ಡ ಹಡಗಿನ ವಿಷಯ ಹೇಳುವಾಗ ಬರೀ ಹಲಗೆ, ಮೊಳೆ ಅಂತ ಹೇಳಿದ್ದು ಯಾಕೆ?" ಎಂದು ಕೇಳಿದ.

ನಾನು ಓದಿ ಕಲಿತಿದ್ದ ಉತ್ತರವನ್ನೇ ಕೊಟ್ಟೆ. ರಕ್ಷಿಸಿದ್ದು ಮರವಲ್ಲ, ಅಲ್ಲಾಹನ ಕಾವಲು. ಮರದ ತುಂಡುಗಳ ಅಲ್ಪತೆಯನ್ನು ನಮಗೆ ನೆನಪಿಸಲು ಹಾಗೆ ಹೇಳಲಾಗಿದೆ ಎಂದೆ. ಹುಡುಗ ಒಂದು ಕ್ಷಣ ಯೋಚಿಸಿ, "ಸರಿ ಉಸ್ತಾದ್. ಆದರೆ ಹಲಗೆಯೂ ಸರಿ ಇರಬೇಕಲ್ಲ? ನಮ್ಮ ಉಪ್ಪ ಮಳೆಗಾಲವಿಡೀ ದೋಣಿ ರಿಪೇರಿಯಲ್ಲೇ ಇರುತ್ತಾರೆ" ಎಂದ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಕಡಲನ್ನು ದಾಟಿ ಇಸ್ಲಾಮ್ ನಮ್ಮ ಕರಾವಳಿಗೆ ಬಂದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ವರ್ತಕರನ್ನೂ ವಿದ್ವಾಂಸರನ್ನೂ ಸ್ಮರಿಸುತ್ತೇವೆ. ಅವರನ್ನು ಹೊತ್ತು ತಂದ ಹಲಗೆಗಳನ್ನು ದಿನವೂ ಕಾಪಾಡಿದವರು ಯಾರು, ಅವರ ಬದುಕು ಹೇಗಿತ್ತು ಎಂದು ಕೇಳುವುದು ಕಡಿಮೆ. ಈ ಲೇಖನ ಆ ಪ್ರಶ್ನೆಗೆ ಸಂಬಂಧಿಸಿದ್ದು.

ಹೊಲಿದ ಹಡಗು, ಎಣ್ಣೆ ಕುಡಿದ ಮರ

ಅಂದಲೂಸಿನ ಗ್ರನಾಡಾದಿಂದ ಹಜ್ಜ್‌ಗೆ ಹೊರಟ ಇಬ್ನು ಜುಬೈರ್ 1183ರಲ್ಲಿ ಕೆಂಪು ಸಮುದ್ರದ ಪಶ್ಚಿಮ ದಡದಲ್ಲಿದ್ದ ಐದಾಬ್ ಬಂದರನ್ನು ತಲುಪಿದರು. ಅಲ್ಲಿಂದ ಜಿದ್ದಾಕ್ಕೆ ಯಾತ್ರಿಕರನ್ನು ಸಾಗಿಸುತ್ತಿದ್ದ 'ಜಿಲಾಬ್' ಎಂಬ ಹಡಗುಗಳನ್ನು ಅವರು ಸೂಕ್ಷ್ಮವಾಗಿ ನೋಡಿ ಬರೆದಿಟ್ಟಿದ್ದಾರೆ. ಅವುಗಳಲ್ಲಿ ಕಬ್ಬಿಣದ ಮೊಳೆ ಒಂದೂ ಇರಲಿಲ್ಲ. ತೆಂಗಿನ ನಾರನ್ನು ಬಡಿದು, ಹೊಸೆದು ಮಾಡಿದ ಹುರಿಯಿಂದ ಹಲಗೆಗೆ ಹಲಗೆಯನ್ನು ಹೊಲಿಯಲಾಗುತ್ತಿತ್ತು. ಸಂದುಗಳಿಗೆ ಖರ್ಜೂರದ ಮರದ ಸೀಳುಗಳನ್ನು ತುರುಕಲಾಗುತ್ತಿತ್ತು. ಆ ಸೀಳುಗಳಿಗೆ ಅವರು ಬಳಸಿದ ಪದವೂ 'ದುಸುರ್' ಎಂಬುದೇ! ಆಮೇಲೆ ಇಡೀ ಒಡಲಿಗೆ ತುಪ್ಪವನ್ನೋ ಹರಳೆಣ್ಣೆಯನ್ನೋ ಶಾರ್ಕ್ ಮೀನಿನ ಎಣ್ಣೆಯನ್ನೋ ಕುಡಿಸಲಾಗುತ್ತಿತ್ತು. ಇವುಗಳಲ್ಲಿ ಮೀನೆಣ್ಣೆಯೇ ಶ್ರೇಷ್ಠ ಎಂದು ಅವರು ದಾಖಲಿಸಿದ್ದಾರೆ. ಆ ಸಮುದ್ರದಲ್ಲಿ ಹವಳದ ಬಂಡೆಗಳು ಹೇರಳ. ಎಣ್ಣೆ ಕುಡಿದ ಮರ ಮೆದುವಾಗಿ, ಬಂಡೆಗೆ ತಾಗಿದಾಗ ಬಾಗಿಕೊಳ್ಳುತ್ತದೆ ಎಂಬುದು ಇದರ ಹಿಂದಿನ ತರ್ಕ. ಮುಂದೆ ಇಬ್ನು ಬತೂತರೂ ಇದೇ ಮಾತನ್ನು ಹೇಳಿದ್ದಾರೆ: ಮೊಳೆ ಹೊಡೆದ ಹಡಗು ಬಂಡೆಗೆ ಬಡಿದರೆ ಒಡೆಯುತ್ತದೆ, ಹೊಲಿದದ್ದು ತಡೆದುಕೊಳ್ಳುತ್ತದೆ.

ಆದರೆ ಹೊಲಿದ ಹಡಗು ಒಮ್ಮೆ ಕಟ್ಟಿ ಮರೆಯುವಂಥದ್ದಲ್ಲ. ನಾರು ಸವೆಯುತ್ತದೆ, ಎಣ್ಣೆ ಒಣಗುತ್ತದೆ, ಸಂದುಗಳು ಬಾಯಿ ತೆರೆಯುತ್ತವೆ. ಆದ್ದರಿಂದ ಆಗಾಗ ಹುರಿಯನ್ನು ಬದಲಿಸಿ ಮರುಹೊಲಿಗೆ ಹಾಕಬೇಕು, ಮತ್ತೆ ಎಣ್ಣೆ ಕುಡಿಸಬೇಕು. ಅದಕ್ಕೆ ಬೇಕಾದ ಮರವೂ ನಾರೂ ಭಾರತದ ಕಡೆಯಿಂದ ಹೋಗುತ್ತಿದ್ದವು. ಮಲಬಾರಿನ ತೇಗ, ಲಕ್ಷದ್ವೀಪದ ನಾರು ಈ ಸಮುದ್ರಯಾನದ ಬೆನ್ನೆಲುಬು. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್ ಮುಂತಾದ ದ್ವೀಪಗಳ ಮುಸ್ಲಿಮರು ತಮ್ಮ ಹಾಯಿ ಹಡಗುಗಳಲ್ಲಿ ನಾರನ್ನು ಮಂಗಳೂರಿಗೆ ತಂದು ಅಕ್ಕಿಯನ್ನು ಒಯ್ಯುತ್ತಿದ್ದರು. ಆ ನಾರನ್ನು ನೀರಲ್ಲಿ ಕೊಳೆಯಿಸಿ, ಬಡಿದು, ಹೊಸೆದು ಹುರಿ ಮಾಡಿದವರಲ್ಲಿ ಹೆಚ್ಚಿನವರು ಮನೆಯಂಗಳದಲ್ಲಿ ಕುಳಿತ ಹೆಂಗಸರು. ಕಡಲನ್ನೇ ದಾಟದ ಆ ಕೈಗಳೂ ಹಡಗನ್ನು ತೇಲಿಸಿದ ಕೈಗಳೇ.

'ಹಡಗು ನಮ್ಮದು, ಪ್ರಾಣ ನಿಮ್ಮದು'

ಇಬ್ನು ಜುಬೈರರು ಹೊಗಳಿದ್ದು ಕುಶಲಕರ್ಮವನ್ನು. ಹಡಗಿನ ಮಾಲಕರ ಬಗ್ಗೆ ಅವರು ಬರೆದದ್ದು ಬೇರೆಯೇ. ಒಂದೇ ಪ್ರಯಾಣದಲ್ಲಿ ಹಡಗಿನ ಬೆಲೆಯನ್ನು ಗಿಟ್ಟಿಸಿಕೊಳ್ಳುವ ಆಸೆಯಿಂದ ಐದಾಬಿನವರು ಹಜ್ಜ್ ಯಾತ್ರಿಕರನ್ನು ಗೂಡಿನಲ್ಲಿ ಕೋಳಿಗಳನ್ನು ತುಂಬಿದಂತೆ ಒಬ್ಬರ ಮೇಲೊಬ್ಬರನ್ನು ತುಂಬುತ್ತಿದ್ದರು. ಮುಂದೆ ಸಮುದ್ರ ಏನು ಮಾಡಿದರೂ ಅವರಿಗೆ ಚಿಂತೆಯಿಲ್ಲ. ಹಲಗೆಗಳನ್ನು ಒದಗಿಸುವುದು ನಮ್ಮ ಕೆಲಸ, ಜೀವಗಳನ್ನು ನೋಡಿಕೊಳ್ಳುವುದು ಹಾಜಿಗಳ ಕೆಲಸ ಎಂಬುದು ಅವರಲ್ಲಿ ಗಾದೆಯಂತೆ ಬಳಕೆಯಲ್ಲಿತ್ತಂತೆ. ಈ ಅನ್ಯಾಯವನ್ನು ಕಂಡು ಇಬ್ನು ಜುಬೈರರು ಎಷ್ಟು ನೊಂದರೆಂದರೆ, ಸಾಧ್ಯವಿರುವವರು ಆ ಬಂದರಿನ ಮುಖವನ್ನೇ ನೋಡದೆ ಬೇರೆ ದಾರಿ ಹಿಡಿಯುವುದು ಲೇಸೆಂದು ಓದುಗರಿಗೆ ಸಲಹೆ ನೀಡಿದರು.

ಗಮನಿಸಬೇಕಾದ ಸಂಗತಿಯೆಂದರೆ ಆ ಮಾಲಕರೂ ಮುಸ್ಲಿಮರು, ಪ್ರಯಾಣಿಕರೂ ಮುಸ್ಲಿಮರು, ಪ್ರಯಾಣವೂ ಪವಿತ್ರ ಹಜ್ಜ್‌ನದ್ದು. ಗುರಿ ಪುಣ್ಯದ್ದಾಗಿದ್ದ ಮಾತ್ರಕ್ಕೆ ವಾಹನದ ಹೊಣೆ ಕಳೆಯುವುದಿಲ್ಲ. ಅಲ್ಲಾಹನ ಮೇಲೆ ಭರವಸೆ ಎಂಬ ಮಾತನ್ನು ತನ್ನ ಉದಾಸೀನಕ್ಕೆ ಹೊದಿಕೆಯಾಗಿ ಬಳಸುವವರು ಆ ಕಾಲದಲ್ಲೂ ಇದ್ದರು. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆ ಇಡು ಎಂಬ ಪ್ರವಾದಿ ಮುಹಮ್ಮದ್ (ಸ)ರ ಬೋಧನೆಯನ್ನು ಇಮಾಮ್ ತಿರ್ಮಿದಿ ವರದಿ ಮಾಡಿದ್ದಾರೆ. ಕಟ್ಟುವ ಕೆಲಸವನ್ನು ಬಿಟ್ಟವನಿಗೆ ಭರವಸೆಯ ಮಾತಾಡುವ ಹಕ್ಕೆಲ್ಲಿಯದು?

ನಾವಿಕನ ಮೊದಲ ಕರ್ತವ್ಯ

ಐದಾಬಿನ ಮನೋಭಾವಕ್ಕೆ ನೇರ ವಿರುದ್ಧವಾದದ್ದು ಹದಿನೈದನೆಯ ಶತಮಾನದ ಮಹಾನಾವಿಕ ಅಹ್ಮದ್ ಇಬ್ನು ಮಾಜಿದ್‌ರ ದೃಷ್ಟಿ. ಇಂದಿನ ರಾಸ್ ಅಲ್ ಖೈಮಾ ಪ್ರದೇಶದ ಜುಲ್ಫಾರ್ ಅವರ ಊರು. ಸುಮಾರು 1490ರಲ್ಲಿ ರಚಿಸಿದ 'ಕಿತಾಬುಲ್ ಫವಾಇದ್' ಎಂಬ ಗ್ರಂಥದಲ್ಲಿ ಅವರು ನಕ್ಷತ್ರಗಳ ಎತ್ತರವನ್ನು ಬೆರಳಿನ ಅಳತೆಯಲ್ಲಿ ಕಂಡುಕೊಳ್ಳುವ ಬಗೆ, ಮಾನ್ಸೂನ್ ಗಾಳಿಯ ಕಾಲಗಣನೆ, ಬಂದರುಗಳ ದಾರಿ ಇವನ್ನೆಲ್ಲ ವಿವರಿಸಿದ್ದಾರೆ. ಅದೇ ಗ್ರಂಥದಲ್ಲಿ ದಾರಿ ತೋರುವ ನಾವಿಕನ, ಅಂದರೆ ಮುಅಲ್ಲಿಮನ, ಕರ್ತವ್ಯಗಳನ್ನೂ ಅವರು ಹೇಳುತ್ತಾರೆ. ಹಡಗು ಇನ್ನೂ ದಡದ ಮೇಲಿರುವಾಗಲೇ ಅದನ್ನು ಪರೀಕ್ಷಿಸಿ, ಕಂಡ ದೋಷಗಳನ್ನೆಲ್ಲ ಬರೆದಿಟ್ಟುಕೊಳ್ಳಬೇಕೆಂಬುದು ಅವುಗಳಲ್ಲೊಂದು. ಹಡಗಿಗೆ ತಾಳಲಾರದ ಭಾರ ಹೇರಬಾರದು. ಋತು ತಪ್ಪಿ ಹೊರಡಬಾರದು. ಹಡಗನ್ನೇರಿದವನು ಪರಮದಯಾಮಯನ ಅತಿಥಿ. ಆದ್ದರಿಂದ ಶುದ್ಧಿಯಿಂದಿರಬೇಕು, ಅವನ ಸ್ಮರಣೆಯನ್ನು ಮರೆಯಬಾರದು.

ದೋಷಗಳ ಪಟ್ಟಿ ಮತ್ತು ದೇವಸ್ಮರಣೆ ಈ ನಾವಿಕನ ದೃಷ್ಟಿಯಲ್ಲಿ ಎರಡು ಬೇರೆ ವಿಷಯಗಳಲ್ಲ. ಒಂದೇ ಕರ್ತವ್ಯದ ಎರಡು ಮುಖಗಳಾಗಿ ಅವು ಒಂದೇ ಗ್ರಂಥದಲ್ಲಿ ಬರುತ್ತವೆ. 'ಮುಅಲ್ಲಿಮ್' ಎಂಬುದು ಮದ್ರಸದ ಅಧ್ಯಾಪಕನಿಗೂ ಇರುವ ಹೆಸರು. ಆ ಸಾಲುಗಳ ಸಾರವನ್ನು ಓದುವಾಗ ನನ್ನ ಮುಂದಿರುವ ಹಡಗಿನ ದೋಷಗಳನ್ನು ನಾನು ಎಷ್ಟು ಬರೆದಿಟ್ಟಿದ್ದೇನೆ ಎಂದು ನನಗೇ ನಾಚಿಕೆಯಾಗುತ್ತದೆ.

ನೀರು ಚೆಲ್ಲುವವರ ಹೆಸರು

ಹಡಗಿನಲ್ಲಿ ಯಾರು ಯಾವ ಕೆಲಸ ಮಾಡುತ್ತಿದ್ದರೆಂಬುದನ್ನು ಅಚ್ಚುಕಟ್ಟಾಗಿ ತಿಳಿಸುವ ಗ್ರಂಥ ಅಬುಲ್ ಫಝಲ್‌ರ 'ಆಈನೆ ಅಕ್ಬರಿ'. ಹದಿನಾರನೆಯ ಶತಮಾನದ ಕೊನೆಯಲ್ಲಿ ಸಿದ್ಧವಾದ ಈ ಗ್ರಂಥದಲ್ಲಿ ಹಡಗಿನ ಸಿಬ್ಬಂದಿಯನ್ನು ಹನ್ನೆರಡು ವರ್ಗಗಳಾಗಿ ಹೇಳಲಾಗಿದೆ. ಯಾನವನ್ನು ನಿರ್ಧರಿಸುವವನು ನಾಖುದಾ. ದಾರಿ ತಿಳಿದವನು ಮುಅಲ್ಲಿಮ್. ಖಲಾಸಿಗಳ ಮುಖ್ಯಸ್ಥ ತಂಡೇಲ. ಉಗ್ರಾಣ ನೋಡಿಕೊಳ್ಳುವವನು ಭಂಡಾರಿ. ಲೆಕ್ಕ ಬರೆಯುವವನು ಕರಾಣಿ. ಕೂವೆಕಂಬದ ತುದಿಯೇರಿ ದಡವನ್ನೋ ಬಿರುಗಾಳಿಯನ್ನೋ ಕಂಡು ಕೂಗುವವನು ಪಂಜರಿ. ಹಾಯಿ ಬಿಚ್ಚುವ, ಮಡಚುವ ಖಾರ್ವಾಗಳಲ್ಲಿ ಕೆಲವರು ನೀರಿಗೆ ಮುಳುಗಿ ಹೊರಗಿನಿಂದ ಸೋರಿಕೆ ಮುಚ್ಚುತ್ತಿದ್ದರು, ಸಿಕ್ಕಿಕೊಂಡ ಲಂಗರನ್ನು ಬಿಡಿಸುತ್ತಿದ್ದರು. ಇವರೆಲ್ಲರ ನಡುವೆ 'ಗುಮ್ಟಿ' ಎಂಬ ಒಂದು ವರ್ಗವಿದೆ. ಹಡಗಿನ ತಳಕ್ಕೆ ಸೋರಿ ಬಂದ ನೀರನ್ನು ಎತ್ತಿ ಹೊರಚೆಲ್ಲುವುದು ಅವರ ಕೆಲಸ.

ಮರದ ಹಡಗು ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ಸೋರಿಯೇ ಸೋರುತ್ತದೆ. ಅಲೆಗೆ ಒಡಲು ತುಸು ತಿರುಚಿಕೊಂಡಾಗಲೆಲ್ಲ ಸಂದುಗಳು ಸಡಿಲಗೊಳ್ಳುತ್ತವೆ. ಆದ್ದರಿಂದ ತಳದ ನೀರನ್ನು ಹೊರಚೆಲ್ಲುವುದು ಅಪಾಯ ಬಂದಾಗಿನ ಕೆಲಸವಲ್ಲ, ನಿತ್ಯದ ಕೆಲಸ. ಕತ್ತಲೆ, ಕೊಳೆತ ನೀರಿನ ದುರ್ವಾಸನೆ, ಸರಕಿನ ಸೆಕೆ ಇವುಗಳ ನಡುವೆ ಬಕೆಟ್ ಬಕೆಟಾಗಿ ನೀರೆತ್ತಿದ ಆ ಮನುಷ್ಯನ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ. ಆದರೆ ಒಂದು ವಾರ ಅವನು ಕೆಲಸ ನಿಲ್ಲಿಸಿದ್ದರೆ ನಾಖುದಾನ ಹೆಸರೂ ಉಳಿಯುತ್ತಿರಲಿಲ್ಲ.

ಇವರು ಬಿಟ್ಟುಹೋದ ಪದಗಳು ಮಾತ್ರ ನಮ್ಮ ಭಾಷೆಯಲ್ಲಿವೆ. ಕನ್ನಡದ 'ಚುಕ್ಕಾಣಿ' ಅರಬಿಯ 'ಸುಕ್ಕಾನ್' ಎಂಬುದರ ರೂಪ. ಲಂಗರು, ಬಂದರು ಪಾರ್ಸಿಯಿಂದ ಬಂದವು. ಖಲಾಸಿ, ತಾಂಡೇಲ ಎಂಬ ಪದಗಳು ನಮ್ಮ ಕರಾವಳಿಯಲ್ಲಿ ಇಂದಿಗೂ ಜೀವಂತ. ರಾಜ್ಯದ ಚುಕ್ಕಾಣಿ ಹಿಡಿದರು ಎಂದು ಪತ್ರಿಕೆಗಳು ಬರೆಯುವಾಗ, ಅವರಿಗರಿವಿಲ್ಲದೆಯೇ ಒಬ್ಬ ಅರಬ್ ನಾವಿಕನ ಕೈ ಆ ಪದದೊಳಗಿರುತ್ತದೆ.

ನೀರು, ಅನ್ನ, ನಮಾಝ್

ಹಡಗಿನಲ್ಲಿ ಅತ್ಯಂತ ಬೆಲೆಯುಳ್ಳ ವಸ್ತು ಸಿಹಿನೀರು. ಮರದ ದೊಡ್ಡ ತೊಟ್ಟಿಗಳಲ್ಲಿ ಅದನ್ನು ತುಂಬಿಸಿ ಅಳತೆ ಮಾಡಿ ಕೊಡಲಾಗುತ್ತಿತ್ತು. ಈ ಕೊರತೆ ಪ್ರವಾದಿ (ಸ)ರ ಕಾಲದಲ್ಲೇ ಒಂದು ಪ್ರಶ್ನೆಯಾಗಿ ಬಂದಿತ್ತು. ಒಬ್ಬ ವ್ಯಕ್ತಿ ಬಂದು, ನಾವು ಕಡಲಯಾನ ಮಾಡುವವರು, ಸ್ವಲ್ಪವೇ ನೀರು ಒಯ್ಯುತ್ತೇವೆ, ಅದರಲ್ಲಿ ವುಝೂ ಮಾಡಿದರೆ ಬಾಯಾರಿಕೆಯಿಂದ ನರಳಬೇಕಾಗುತ್ತದೆ, ಸಮುದ್ರದ ನೀರಿನಿಂದ ವುಝೂ ಮಾಡಬಹುದೇ ಎಂದು ಕೇಳಿದರು. ಅದರ ನೀರು ಶುದ್ಧ, ಅದರಲ್ಲಿ ಸತ್ತದ್ದೂ ನಿಮಗೆ ಹಲಾಲ್ ಎಂಬರ್ಥದ ಉತ್ತರ ದೊರೆಯಿತು. ನೀರಿನ ಬಗ್ಗೆ ಕೇಳಿದವನಿಗೆ ಆಹಾರದ ಉತ್ತರವೂ ಸಿಕ್ಕಿತು. ಕಡಲಿನಲ್ಲಿ ನೀರಿನ ಕೊರತೆ ಬರುವವನಿಗೆ ನಾಳೆ ಅನ್ನದ ಕೊರತೆಯೂ ಬರುತ್ತದೆ ಎಂಬ ಕರುಣೆ ಆ ಉತ್ತರದಲ್ಲಿದೆ. ಮದ್ರಸದಲ್ಲಿ ಶುದ್ಧಿಯ ಅಧ್ಯಾಯದಲ್ಲಿ ನಾವೆಲ್ಲ ಕಲಿಯುವ ಈ ಹದೀಸ್ ಹುಟ್ಟಿದ್ದು ಒಬ್ಬ ನಾವಿಕನ ನಿತ್ಯದ ಕಷ್ಟದಿಂದ ಎಂಬುದನ್ನು ಮರೆಯಬಾರದು.

ನಮಾಝಿನ ವಿಷಯದಲ್ಲೂ ಫುಕಹಾಗಳು ಹಡಗನ್ನು ಕಣ್ಣ ಮುಂದಿಟ್ಟುಕೊಂಡೇ ಬರೆದಿದ್ದಾರೆ. ಶಾಫಿಈ ಮದ್‌ಹಬ್‌ನಂತೆ ನಿಲ್ಲಲು ಸಾಧ್ಯವಿರುವವನು ಫರ್ಳ್ ನಮಾಝನ್ನು ನಿಂತೇ ನಿರ್ವಹಿಸಬೇಕು. ತಲೆಸುತ್ತು ಅಥವಾ ಬೀಳುವ ಭಯವಿದ್ದರೆ ಕುಳಿತು ನಿರ್ವಹಿಸಬಹುದು. ಹಡಗು ತಿರುಗಿದಾಗ ನಮಾಝಿನಲ್ಲಿರುವವನೂ ಕಿಬ್ಲಾದೆಡೆಗೆ ತಿರುಗಿಕೊಳ್ಳಬೇಕು. ಪುಸ್ತಕದಲ್ಲಿ ಒಣಗಿದಂತೆ ಕಾಣುವ ಈ ನಿಯಮಗಳ ಹಿಂದೆ ಓಲಾಡುವ ಹಲಗೆಯ ಮೇಲೆ ಕಾಲೂರಿ ನಿಂತ ಸಾವಿರಾರು ಜನರಿದ್ದಾರೆ.

1342ರ ಹೊತ್ತಿಗೆ ನಮ್ಮ ಹೊನ್ನಾವರ, ಮಂಗಳೂರುಗಳ ಮೂಲಕ ಕಲ್ಲಿಕೋಟೆಗೆ ಸಾಗಿದ ಇಬ್ನು ಬತೂತರು ಅಲ್ಲಿದ್ದ ಚೀನೀ ಹಡಗುಗಳ ಒಳಬದುಕನ್ನು ಬಣ್ಣಿಸಿದ್ದಾರೆ. ದೊಡ್ಡ ಹಡಗಿನಲ್ಲಿ 600 ನಾವಿಕರು, 400 ಯೋಧರು. ನಾವಿಕರ ಮಕ್ಕಳು ಅಲ್ಲೇ ಬೆಳೆಯುತ್ತಿದ್ದರು. ಮರದ ತೊಟ್ಟಿಗಳಲ್ಲಿ ಸೊಪ್ಪು, ತರಕಾರಿ, ಶುಂಠಿ ಬೆಳೆಸಲಾಗುತ್ತಿತ್ತು. ತಮಗೆ ಕೊಟ್ಟ ಕೋಣೆ ಕಿರಿದು, ಅದರಲ್ಲಿ ಶೌಚದ ವ್ಯವಸ್ಥೆಯಿಲ್ಲ ಎಂದು ಅವರು ತಮ್ಮ ಸಾಮಾನುಗಳನ್ನು ಇನ್ನೊಂದು ಸಣ್ಣ ಹಡಗಿಗೆ ಸಾಗಿಸಿದರು. ಜುಮುಅ ನಮಾಝಿಗೆಂದು ತಾವು ದಡದಲ್ಲೇ ಉಳಿದರು. ಅಷ್ಟರಲ್ಲಿ ಬಿರುಗಾಳಿ ಎದ್ದು, ಸುಲ್ತಾನನ ಕಾಣಿಕೆಗಳಿದ್ದ ದೊಡ್ಡ ಹಡಗು ದಡಕ್ಕೆ ಬಡಿದು ನುಚ್ಚುನೂರಾಯಿತು, ಅದರಲ್ಲಿದ್ದವರು ಮಡಿದರು. ಸಣ್ಣ ಹಡಗು ಅವರನ್ನು ಬಿಟ್ಟು ಹೊರಟುಹೋಯಿತು. ಸಾವಿರ ಜನರ ಹಡಗಾದರೂ ಗಾಳಿಯ ಮುಂದೆ ಹಲಗೆಗಳ ಕಟ್ಟೇ ಎಂಬುದನ್ನು ಅವರು ಕಣ್ಣಾರೆ ಕಂಡರು.

ಸುಣ್ಣ, ಕೊಬ್ಬು ಮತ್ತು ಸಾಲ

ಹಾಯಿ ಹಡಗಿನ ಈ ಲೋಕ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಬಾಳಿತು. ಆಸ್ಟ್ರೇಲಿಯಾದ ನಾವಿಕ, ಲೇಖಕ ಅಲನ್ ವಿಲಿಯರ್ಸ್ 1938ರ ಕೊನೆಯಲ್ಲಿ ಏಡನ್‌ನಲ್ಲಿ 'ಬಯಾನ್' ಎಂಬ ಕುವೈತಿನ ಹಡಗನ್ನು ಹತ್ತಿ, ನಾಖುದಾ ಅಲಿ ಬಿನ್ ನಾಸಿರ್ ಅನ್ನಜ್ದಿ ಅವರೊಂದಿಗೆ ಪೂರ್ವ ಆಫ್ರಿಕಾದ ಮೊಂಬಾಸಾ, ಝಂಝಿಬಾರ್‌ಗಳನ್ನು ಕಂಡು, ರುಫೀಜಿ ನದೀಮುಖದಲ್ಲಿ ಕಾಂಡ್ಲಾ ಮರದ ಕಂಬಗಳನ್ನು ತುಂಬಿಕೊಂಡು 1939ರಲ್ಲಿ ಕುವೈತ್ ತಲುಪಿದರು. 1940ರಲ್ಲಿ ಪ್ರಕಟವಾದ ಅವರ 'ಸನ್ಸ್ ಆಫ್ ಸಿಂದ್‌ಬಾದ್' ಇಂಥ ಹಡಗಿನ ದಿನಚರಿಯ ಅಮೂಲ್ಯ ದಾಖಲೆ.

ಫಜ್ರ್ ನಮಾಝಿನಿಂದ ದಿನ ಆರಂಭ. ಮರಳು ತುಂಬಿದ ಪೆಟ್ಟಿಗೆಯ ಮೇಲೆ ಬೆಂಕಿ ಹೊತ್ತಿಸಿ ಅಡುಗೆಯವನು ರೊಟ್ಟಿ ಸುಡುತ್ತಾನೆ. ಅನ್ನ, ಮೀನು, ಖರ್ಜೂರ ಮುಖ್ಯ ಆಹಾರ. ದೊಡ್ಡ ತಟ್ಟೆಯ ಸುತ್ತ ಕುಳಿತು ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ. ನಾವಿಕರಿಗೆ ಕೋಣೆಯಿಲ್ಲ, ಮಂಚವಿಲ್ಲ; ಸರಕಿನ ಮೇಲೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಮಲಗುವುದು. ಶೌಚಕ್ಕೆ ಹಡಗಿನ ಹಿಂಬದಿಯಲ್ಲಿ ನೀರಿನ ಮೇಲೆ ತೂಗುವ ಮರದ ಪೆಟ್ಟಿಗೆ. ಭಾರವಾದ ಅಡ್ಡಮರವನ್ನು ಹಾಯಿಯೊಂದಿಗೆ ಮೇಲೆತ್ತುವಾಗ ಹಾಡುಗಾರನಾದ 'ನಹ್ಹಾಮ್' ದನಿ ಎತ್ತುತ್ತಾನೆ, ಉಳಿದವರು ಆ ಲಯಕ್ಕೆ ಹಗ್ಗ ಎಳೆಯುತ್ತಾರೆ. ಬಿಡುವೆಂಬುದು ಹೆಸರಿಗೆ ಮಾತ್ರ. ಹಾಯಿ ಹೊಲಿಯುವುದು, ಹಗ್ಗ ಹೊಸೆಯುವುದು, ತಳದ ನೀರು ಚೆಲ್ಲುವುದು ನಡೆದೇ ಇರುತ್ತದೆ. ಬಯಾನ್‌ನ ಬಡಗಿಗಳು ಪ್ರಯಾಣದ ನಡುವೆಯೇ ಹಡಗಿನ ಮೇಲೆ ಇನ್ನೊಂದು ಸಣ್ಣ ದೋಣಿಯನ್ನು ಕಟ್ಟುತ್ತಿದ್ದರು!

ಕೆಲವು ತಿಂಗಳಿಗೊಮ್ಮೆ ದೊಡ್ಡ ಕೆಲಸ. ಬೆಚ್ಚಗಿನ ಸಮುದ್ರದಲ್ಲಿ ಮರವನ್ನು ಕೊರೆದು ಒಳಗೇ ಬಿಲ ಮಾಡುವ ಜೀವಿಯೊಂದಿದೆ. ನೋಡಲು ಹುಳುವಿನಂತಿದ್ದರೂ ಅದು ಚಿಪ್ಪುಮೀನಿನ ಜಾತಿ. ಹೊರಗಿನಿಂದ ಹಲಗೆ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಜೇನುಗೂಡಾಗಿರುತ್ತದೆ. ಇದನ್ನು ತಡೆಯಲು ಭರತದ ಹೊತ್ತಿನಲ್ಲಿ ಹಡಗನ್ನು ದಡಕ್ಕೆ ತಂದು, ಇಳಿತ ಬಂದಾಗ ನೀರಿನಿಂದ ಹೊರಗುಳಿದ ಒಡಲನ್ನು ಕೆರೆದು, ಪಾಚಿ ಚಿಪ್ಪುಗಳನ್ನು ತೆಗೆದು, ಸಂದುಗಳಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ತುರುಕಿ, ಸುಣ್ಣವನ್ನು ಪ್ರಾಣಿಯ ಕೊಬ್ಬಿನೊಂದಿಗೆ ಕಲಸಿ ಬರಿಗೈಯಲ್ಲಿ ಹಚ್ಚಲಾಗುತ್ತಿತ್ತು. ನೀರಿನ ಮೇಲಿನ ಭಾಗಕ್ಕೆ ಮೀನೆಣ್ಣೆ. ಮತ್ತೆ ಭರತ ಬರುವ ಮುನ್ನ ಕೆಲಸ ಮುಗಿಯಲೇಬೇಕು. ಸುಣ್ಣಕ್ಕೆ ಸುಟ್ಟ ಅಂಗೈಗಳ ಬೆಲೆಯಲ್ಲಿ ಹಡಗು ಬಿಳಿಯಾಗಿ ಹೊಳೆಯುತ್ತಿತ್ತು.

ಇಂಥ ಕುವೈತಿ ಹಡಗುಗಳು ಬಸ್ರಾದ ಖರ್ಜೂರ ಹೊತ್ತು ಕರಾಚಿ, ಮುಂಬೈ, ಮಂಗಳೂರು, ಕಲ್ಲಿಕೋಟೆಗಳಿಗೂ ಬರುತ್ತಿದ್ದವು. ಮಂಗಳೂರಿನ ಹಂಚು, ಮಲಬಾರಿನ ಮರ, ನಾರು ಹೊತ್ತು ಮರಳುತ್ತಿದ್ದವು.

ಆದರೆ ಆ ಹಡಗನ್ನು ಹೊಳೆಯಿಸಿದ ಕೈಗಳಿಗೆ ದಕ್ಕಿದ್ದೇನು? ನಾವಿಕರಿಗೆ ಸಂಬಳವಿರಲಿಲ್ಲ. ಖರ್ಚು ಕಳೆದು ಉಳಿದ ಸಂಪಾದನೆಯಲ್ಲಿ ಹಡಗಿಗೊಂದು ಭಾಗ, ಮಿಕ್ಕದ್ದು ಸಿಬ್ಬಂದಿಯ ಪಾಲು. ಹೊರಡುವ ಮುನ್ನ ಮನೆಯವರಿಗಾಗಿ ಪಡೆದ ಮುಂಗಡ ಸಾಲ ಆ ಪಾಲಿನಲ್ಲೇ ತೀರಬೇಕು. ತೀರದಿದ್ದರೆ ಮುಂದಿನ ವರ್ಷವೂ ಅದೇ ಯಜಮಾನ. ಬೇಸಿಗೆಯಲ್ಲಿ ಮುತ್ತು ಹೆಕ್ಕಲು ಮುಳುಗುವುದು, ಚಳಿಗಾಲದಲ್ಲಿ ದೂರಯಾನ, ಎರಡೂ ಕಡೆ ಸಾಲ. ನಾಖುದಾಗಳಲ್ಲೂ ವರ್ತಕರಿಗೆ ಸಾಲಗಾರರಾದವರು ಬಹಳ ಮಂದಿ. ಇಸ್ಲಾಮೀ ಸಮುದ್ರಯಾನದ ವೈಭವವನ್ನು ಬರೆಯುವಾಗ ಈ ಪುಟವನ್ನು ಹರಿದುಹಾಕುವುದು ಪ್ರಾಮಾಣಿಕತೆಯಲ್ಲ.

ರಂಧ್ರ ಮತ್ತು ದುರಸ್ತಿ

ಕುರ್‌ಆನ್ ಈ ಬಡ ನಾವಿಕರನ್ನು ಮರೆತಿಲ್ಲ. ಸೂರಃ ಅಲ್ ಕಹ್ಫ್‌ನಲ್ಲಿ ಖಿಳ್ರ್ (ಅ) ದೋಷಗೊಳಿಸಿದ ಹಡಗು ಕಡಲಿನಲ್ಲಿ ದುಡಿಯುವ ಬಡವರದು. ಸುಸ್ಥಿತಿಯ ಹಡಗುಗಳನ್ನು ಬಲವಂತವಾಗಿ ಕಸಿಯುವ ರಾಜನಿಂದ ಅದನ್ನು ಉಳಿಸಲು ಅವರು ಹಾಗೆ ಮಾಡಿದರು. ರಾಜನ ಭಯ ಕಳೆದ ಮೇಲೆ ಆ ಬಡವರು ಅದನ್ನು ದುರಸ್ತಿ ಮಾಡಿಕೊಂಡು ಉಪಯೋಗಿಸಿದರೆಂಬ ವಿವರ ಸಹೀಹುಲ್ ಬುಖಾರಿಯ ವರದಿಯಲ್ಲಿದೆ. ರಂಧ್ರವನ್ನು ಡಾಂಬರಿನಿಂದ ಮುಚ್ಚಿದರೆಂದೂ ಕೆಲವರು ಹೇಳಿದ್ದು ಅಲ್ಲೇ ದಾಖಲಾಗಿದೆ. ದಿವ್ಯಜ್ಞಾನದ ಆ ಮಹಾಕಥೆಯ ಕೊನೆಯಲ್ಲಿ ಒಂದು ಸಾಮಾನ್ಯ ದುರಸ್ತಿಯ ಕೆಲಸವಿದೆ.

ಪ್ರವಾದಿ (ಸ)ರು ಸಮಾಜವನ್ನೇ ಒಂದು ಹಡಗಿಗೆ ಹೋಲಿಸಿದ ಹದೀಸ್ ನಮಗೆಲ್ಲ ಪರಿಚಿತ. ಚೀಟಿ ಎತ್ತಿ ಕೆಲವರಿಗೆ ಮೇಲಂತಸ್ತು, ಕೆಲವರಿಗೆ ಕೆಳಂತಸ್ತು ಸಿಕ್ಕಿತು. ನೀರಿಗಾಗಿ ಮತ್ತೆ ಮತ್ತೆ ಮೇಲೆ ಹೋಗಿ ಅವರಿಗೆ ತೊಂದರೆ ಕೊಡುವುದೇಕೆ, ನಮ್ಮ ಪಾಲಿನ ತಳದಲ್ಲೇ ಒಂದು ರಂಧ್ರ ಕೊರೆಯೋಣ ಎಂದು ಕೆಳಗಿನವರು ಯೋಚಿಸಿದರು. ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ, ಕೈಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ಕೆಡುಕನ್ನು ತಡೆಯುವ ಹೊಣೆಗೆ ಆಧಾರವಾಗಿ ಇದನ್ನು ನಾವು ವಿವರಿಸುತ್ತೇವೆ, ಅದು ಸರಿಯೇ. ಆದರೆ ಕೆಳಗಿನವರು ಕೊರೆಯಲು ಹೊರಟದ್ದು ನೀರಿಗಾಗಿ ಎಂಬುದನ್ನೂ ನೆನಪಿಡಬೇಕು. ಮೇಲಿನವರು ಒಂದು ಬಕೆಟ್ ನೀರನ್ನು ತಾವೇ ಕೆಳಗೆ ಇಳಿಸಿಕೊಟ್ಟಿದ್ದರೆ ಆ ಯೋಚನೆಯೇ ಬರುತ್ತಿರಲಿಲ್ಲವೇನೋ. ತಡೆಯುವ ಕೈಗೆ ಕೊಡುವ ಕೈಯೂ ಆಗುವ ಹೊಣೆ ಇದೆ.

ಮರುದಿನ ತರಗತಿಯಲ್ಲಿ ಆ ಹುಡುಗನಿಗೆ ಹೇಳಿದೆ: ನಿನ್ನ ಪ್ರಶ್ನೆ ಸರಿಯಾಗಿಯೇ ಇತ್ತು. ಹಲಗೆ, ಮೊಳೆಗಳಿಂದ ಕಟ್ಟಲು ನೂಹ್‌ (ಅ)ರಿಗೆ ಆಜ್ಞಾಪಿಸಿದವನೂ ಅಲ್ಲಾಹನೇ, ಕಟ್ಟಿದ ಮೇಲೆ ತೇಲಿಸಿದವನೂ ಅವನೇ. ಮಳೆಗಾಲದಲ್ಲಿ ನಿನ್ನ ಉಪ್ಪ ಮಾಡುವ ಕೆಲಸ ಆ ಆಜ್ಞೆಯ ಪಾಲನೆಯೇ. ಹುಡುಗ ಏನೂ ಹೇಳಲಿಲ್ಲ, ಆದರೆ ಅವನ ಬೆನ್ನು ನೇರವಾದದ್ದನ್ನು ನಾನು ನೋಡಿದೆ.

ನಮ್ಮ ಮನೆ, ಮಸೀದಿ, ಮದ್ರಸ, ಸಮುದಾಯಗಳೆಂಬ ಹಡಗುಗಳ ತಳದಲ್ಲಿ ಹೆಸರಿಲ್ಲದೆ ನೀರು ಚೆಲ್ಲುತ್ತಿರುವವರನ್ನು ಗುರುತಿಸುವ, ಅವರ ಪಾಲನ್ನು ಅವರಿಗೆ ಸಲ್ಲಿಸುವ ಕಣ್ಣನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.